ದೇವರ ಡ್ರೈವು, ಕಾಲ್ಮರಿ ಡ್ರೈವು

ಓದುಗರ ಅವಗಾಹನೆಗೆ ಮೊದಲಿಗೆ ತರಬೇಕಾದ ಸಂಗತಿಯೆಂದರೆ, ಇಲ್ಲಿ ನಿವೇದಿಸಿಕೊಳ್ಳುತ್ತಿರುವುದು ನಮ್ಮ ಮನೆಯಲ್ಲಿದ್ದ ಒಂದು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಆದ ಪ್ರಸಂಗವನ್ನು ಮತ್ತು ಅದರಿಂದ ನನ್ನ ಅವ್ವನ ಕೈಕೆಲಸಕ್ಕೆ ಒದಗಿದ ಕುತ್ತನ್ನು. ನಮ್ಮ ಓಣಿಯ ಹೆಣ್ಣುಮಕ್ಕಳ ಗುಂಪಿಗೆ ಕಾರ್ಯದರ್ಶಿಯಾಗಿದ್ದ ವರ್ಷಗಳಲ್ಲಿ ಪತ್ರಗಳನ್ನು ಬರೆದದ್ದು ಬಿಟ್ಟರೆ ನಾನು ಬೇರೇನನ್ನೂ ಬರೆದವಳಲ್ಲ. ಯಾವುದು ಮೊದಲು ಬರಬೇಕು, ಯಾವುದು ನಂತರ ಬರಬೇಕು ಎಂಬ ಆತಂಕ ಈಗಲೂ ಇದೆ. ಆದುದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯಲು ಪ್ರಯತ್ನಿಸಿದ್ದೇನೆ.

ಅಥಣಿಯಲ್ಲಿ ನಮ್ಮದು ಕಾಲ್ಮರಿ ಮಾಡುವವರ ಓಣಿ. ಹೊರಗಿನವರು ಕೊಲ್ಹಾಪುರಿ ಚಪ್ಪಲಿ ಎಂದು ಕರೆಯುವುದನ್ನೇ ನಾವು ಕಾಲ್ಮರಿ ಎನ್ನುತ್ತೇವೆ. ತೊಗಲನ್ನು ಆರಿಸಿ ತರುವುದು, ಅಡಿಯ ಅಟ್ಟೆ ಕತ್ತರಿಸುವುದು ಗಂಡಸರ ಪಾಲಿನ ಕೆಲಸ. ಮೇಲಿನ ಪಟ್ಟಿಯ ಹೊಲಿಗೆ, ಗೊಂಡೆ ಮತ್ತು ವೇಣಿ ಹೆಂಗಸರ ಪಾಲಿನವು. ವೇಣಿ ಎಂದರೆ ತೊಗಲನ್ನು ಸಣ್ಣ ಎಳೆಗಳಾಗಿ ಸೀಳಿ, ಜಡೆಯಂತೆ ಹೆಣೆದು, ಪಟ್ಟಿಯ ಮೇಲೆ ಕೂಡಿಸುವುದು. ಓಣಿಯಲ್ಲಿ ವೇಣಿ ಹಾಕಲು ಬಾರದ ಹೆಂಗಸು ಇರಲಿಲ್ಲ. ಆದರೆ ಅವ್ವ ಹಾಕಿದ ಒಂದು ವೇಣಿ ಬೇರೆಯೇ ಇತ್ತು. ಅದರ ಎಳೆಗಳು ಪಟ್ಟಿಯ ನಡುವಿನವರೆಗೆ ಬಂದು, ಏನೋ ಮರೆತವರಂತೆ ಒಮ್ಮೆ ಹಿಂದಕ್ಕೆ ಹೊರಳಿ, ಮತ್ತೆ ಮುಂದಕ್ಕೆ ಹೋಗುತ್ತಿದ್ದವು. ಅದನ್ನು ಆಕೆ ಒಂದೇ ಜೋಡಿಗೆ ಹಾಕಿದ್ದಳು. ಆ ಜೋಡಿ ನಿಪ್ಪಾಣಿಯ ಸಂತೆಯಲ್ಲಿ ಯಾರ ಕಾಲಿಗೋ ಹೋಯಿತು. ಮಾಡಿದ ಕಾಲ್ಮರಿಯನ್ನು ಮನೆಯಲ್ಲಿಟ್ಟುಕೊಂಡು ನೋಡುತ್ತ ಕೂಡುವ ಪದ್ಧತಿ ನಮ್ಮಲ್ಲಿಲ್ಲ. ಉಳಿದದ್ದು ಅದರ ಒಂದು ಫೋಟೋ ಮಾತ್ರ.

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಗುಂಪಿಗೆ ಬೇರೆಯವರು ಬಳಸಿ ಬಿಟ್ಟ ಒಂದು ಕಂಪ್ಯೂಟರ್ ಬಂದಿತು. ಗುಂಪಿಗೆ ಸ್ವಂತ ಕೋಣೆ ಇಲ್ಲದ ಕಾರಣ ಸದರಿ ಕಂಪ್ಯೂಟರನ್ನು ನಮ್ಮ ಪಡಸಾಲೆಯಲ್ಲಿ ಇರಿಸಲಾಯಿತು. ಅದನ್ನು ಸಜ್ಜುಗೊಳಿಸಲು ಬಂದವರು ಕುಡಚಿಯ ಸ್ಟೇಷನ್ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ ಒಬ್ಬ ಮುಸಲ್ಮಾನ ಗೃಹಸ್ಥರು. ನಮ್ಮ ಮಾಲಿನ ಪಾರ್ಸೆಲ್ಲುಗಳು ಕುಡಚಿಯಿಂದಲೇ ರೈಲಿಗೆ ಹತ್ತುತ್ತಿದ್ದುದರಿಂದ ಅಪ್ಪನಿಗೂ ಅವರಿಗೂ ಬಹಳ ದಿನಗಳ ಪರಿಚಯ. ನಾವೆಲ್ಲರೂ ಅವರನ್ನು ಭಾಯ್ ಎಂದೇ ಕರೆಯುತ್ತಿದ್ದೆವು.

ಹಾರ್ಡ್ ಡಿಸ್ಕ್ ಒಂದೇ ಇದ್ದರೂ ಒಳಗೆ ಗೋಡೆ ಹಾಕಿ ಅದನ್ನು ಭಾಗ ಮಾಡಬಹುದೆಂದು ಭಾಯ್ ಆ ದಿನ ವಿವರಿಸಿದರು.

“ಮನ್ಯಾಗ ಕ್ವಾಣಿ ಇರ್ತಾವಲ್ಲರಿ ಅವ್ವಾರ, ಹಂಗ. ಸಿ ಅನ್ನೂದು ಕಂಪ್ಯೂಟರಿಂದು, ಅದರಾಗ ನಾವು ಕೈ ಹಾಕೂದಿಲ್ಲ. ಡಿ ನಿಮ್ಮದು.”

“ಡಿ ಒಳಗ ಏನೇನ ಇಡೂದು?” ಎಂದು ಅವ್ವ ಕೇಳಿದಳು.

“ಎಲ್ಲಾ ಇಡ್ರಿ. ಕಾಲ್ಮರಿ ಫೋಟೋ, ಭಜನಿ ಪದ, ದೇವರ ಫೋಟೋ.”

ಅವ್ವ ಚಹಾದ ಕಪ್ಪನ್ನು ಕೆಳಗಿಟ್ಟಳು. “ದೇವರ ಇದ್ದಲ್ಲಿ ಕಾಲ್ಮರಿ ಇಡ್ತಾರೇನ ಭಾಯ್?”

“ಅದು ಫೋಟೋರಿ ಅವ್ವಾರ. ಖರೇ ಕಾಲ್ಮರಿ ಅಲ್ಲ.”

“ದೇವರದೂ ಫೋಟೋನ ಐತಿ. ಅದಕ್ಕ ಕೈ ಮುಗೀತೀವಿಲ್ಲ?”

ಭಾಯ್ ಅಪ್ಪನ ಕಡೆ ನೋಡಿದರು. “ಇವರ ಜೋಡಿ ಇಷ್ಟ ವರ್ಷ ಹೆಂಗ ಬಾಳೇ ಮಾಡೀರಿ ಕಾಕಾ?”

“ಹೊರಗ ಕಟ್ಟಿ ಮ್ಯಾಲ ಕುಂತ,” ಎಂದರು ಅಪ್ಪ.

ನಾನು ನಡುವೆ ಬಾಯಿ ಹಾಕಿದೆ. ದಸರೆಯ ಖಂಡೆಪೂಜೆಯ ದಿನ ತೊಗಲು ಕೊಯ್ಯುವ ರಂಪಿಗೆ, ಉಳಿಗಳ ಜೊತೆಗೆ ಹೊಸ ಕಾಲ್ಮರಿಯ ಜೋಡಿಯನ್ನೂ ಇಟ್ಟು ಪೂಜಿಸುತ್ತೇವಲ್ಲ, ಆಗ ನಡೆಯುವುದು ಕಂಪ್ಯೂಟರಿನೊಳಗೆ ಏಕೆ ನಡೆಯುವುದಿಲ್ಲ ಎಂದು ಕೇಳಿದೆ. ಅವ್ವನ ಉತ್ತರ ಸಿದ್ಧವಿತ್ತು. “ಅವತ್ತ ದೇವರ ನಮ್ಮ ಕೆಲಸದ ಕಟ್ಟಿಗಿ ಬರ್ತಾನ. ಅದ ಬ್ಯಾರೆ. ಕಾಲ್ಮರಿ ಹಿಡಕೊಂಡ ನಾವು ಅವನ ಮನೀಗಿ ಹೋಗೂದಿಲ್ಲ.”

ಈ ಪ್ರಕಾರ ಭಾಯ್ ಇನ್ನೊಂದು ಗೋಡೆ ಹಾಕಿದರು. ಡಿ ದೇವರಿಗೆ, ಇ ಕಾಲ್ಮರಿಗೆ ಎಂದು ತೀರ್ಮಾನವಾಯಿತು. ಗುಂಪಿನ ಹೆಂಗಸರು ಒಬ್ಬೊಬ್ಬರೂ ತಮ್ಮ ಮಾದರಿಗಳನ್ನು ತಂದಂತೆ ನಾನು ಎರವಲು ತಂದ ಸಣ್ಣ ಕ್ಯಾಮೆರಾದಲ್ಲಿ ಫೋಟೋ ತೆಗೆದು ಇ ಒಳಗೆ ಹಾಕುತ್ತಿದ್ದೆ. ಕ್ಯಾಮೆರಾ ಎರವಲಿನದಾದ್ದರಿಂದ ಹಿಂದಿರುಗಿಸುವ ಮೊದಲು ಅದರ ಕಾರ್ಡನ್ನು ಖಾಲಿ ಮಾಡುತ್ತಿದ್ದೆ. ಅವ್ವನ ಆ ವೇಣಿಯ ಫೋಟೋ ಇ ಒಳಗೆ ಸೇರಿದ್ದು ಹೀಗೆ. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಕೆಲವು ತಿಂಗಳುಗಳ ನಂತರ ದೂರದ ದೊಡ್ಡ ಪಟ್ಟಣದ ಅಂಗಡಿಯೊಂದರಿಂದ ಗುಂಪಿಗೆ ಇಮೇಲ್ ಬಂದಿತು. ನಿಮ್ಮಲ್ಲಿರುವ ಎಲ್ಲ ಮಾದರಿಗಳ ಫೋಟೋಗಳನ್ನು ಸೋಮವಾರದೊಳಗೆ ಕಳುಹಿಸಬೇಕು, ಆರಿಸಿದವುಗಳನ್ನು ಮಾಡಿಸಿಕೊಳ್ಳುತ್ತೇವೆ ಎಂಬುದು ಅದರ ಸಾರಾಂಶ. ಓದಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು: “ನನ್ನ ವೇಣೀನೂ ಕಳಸ್ತೀ ಹೌದಿಲ್ಲ?” ಅದುವರೆಗೆ ಓಣಿಯಿಂದ ಹೋದ ಮಾಲೆಲ್ಲ ಗಂಡಸರು ಕತ್ತರಿಸಿದ ಅಟ್ಟೆಯ ಹೆಸರಿನಿಂದ ಹೋಗುತ್ತಿತ್ತು. ಮೇಲಿನ ವೇಣಿ ಯಾರದು ಎಂದು ಕೇಳಿದವರೇ ಇರಲಿಲ್ಲ. ಅವ್ವನಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು.

ಅದೇ ವಾರ ಯಾರದೋ ಪೆನ್ ಡ್ರೈವಿನ ಮೂಲಕ ಕಂಪ್ಯೂಟರಿಗೆ ವೈರಸ್ ತಗುಲಿತು. ಒಂದು ಫೋಲ್ಡರ್ ತೆರೆದರೆ ಅದರ ಹೆಸರಿನದೇ ಇನ್ನೊಂದು ಫೋಲ್ಡರ್ ಹುಟ್ಟುತ್ತಿತ್ತು. ಕೊನೆಗೆ ಪರದೆ ನೀಲಿಯಾಗಿ ನಿಂತುಬಿಟ್ಟಿತು. ನಾನು ಗುಂಪಿನ ಕೆಲಸದ ನಿಮಿತ್ತ ಚಿಕ್ಕೋಡಿಗೆ ಹೋಗಬೇಕಾಗಿದ್ದ ದಿನವೇ ಅಪ್ಪನಿಗೆ ಪಾರ್ಸೆಲ್ ಹಾಕಲು ಕುಡಚಿಗೆ ಹೋಗುವುದಿತ್ತು. ಕಂಪ್ಯೂಟರಿನ ಡಬ್ಬಿಯನ್ನೂ ಅವರೇ ಒಯ್ದರು. ಅಂಗಡಿಯಲ್ಲಿ ನಡೆದ ಮಾತನ್ನು ಅಪ್ಪ ನಂತರ ತಿಳಿಸಿದ್ದು ಈ ಪ್ರಕಾರ ಇದೆ.

“ವೈರಸ್ ಭಾಳ ಆಗೇತಿ ಕಾಕಾ. ಫಾರ್ಮ್ಯಾಟ್ ಹೊಡೀಬೇಕ. ಏನ ಉಳಸೂದೈತಿ?”

“ಡಿ ಒಳಗ ದೇವರ ಅದಾನ. ಅದಕ್ಕ ಕೈ ಹಚ್ಚಬ್ಯಾಡ್ರಿ.”

“ಮತ್ತ ಇ?”

“ಅದ ಕಾಲ್ಮರೀದ. ಅದನ್ನ ಮುಟ್ಟಿದ್ರ ನಡೀತೈತಿ.”

ಅಪ್ಪ ಮಡಿಯ ವಿಚಾರ ಹೇಳಿದ್ದರು. ದೇವರಿರುವ ಕಡೆ ಯಾರೂ ಸುಮ್ಮನೆ ಕೈ ಹಾಕಬಾರದು, ಕಾಲ್ಮರಿಗೆ ಅಂಥ ನಿರ್ಬಂಧವಿಲ್ಲ ಎಂಬುದಷ್ಟೇ ಅವರ ಮನಸ್ಸಿನಲ್ಲಿ ಇದ್ದದ್ದು. ಭಾಯ್ ಅದನ್ನು ರಿಪೇರಿಯವರ ಕಿವಿಯಿಂದ ಕೇಳಿಸಿಕೊಂಡರು. ಉಳಿಸಬೇಕಾದದ್ದು ಡಿ, ಉಳಿದದ್ದು ಹೋದರೂ ಚಿಂತೆಯಿಲ್ಲ. ಅದರಂತೆ ಸಿ ಮತ್ತು ಇ ಎರಡನ್ನೂ ಫಾರ್ಮ್ಯಾಟ್ ಮಾಡಿದರು.

ಶುಕ್ರವಾರ ಸಂಜೆ ಡಬ್ಬಿ ಮನೆಗೆ ಬಂದಿತು. ಹಚ್ಚಿದರೆ ಬಹಳ ಚುರುಕಾಗಿತ್ತು. ಸಂತೋಷದಿಂದ ಇ ತೆರೆದೆ. ಫೋಟೋಗಳ ಬದಲು ಅಲ್ಲಿ ಹಾಡುಗಳಿದ್ದವು. ಸಾಲು ಸಾಲು ಭಜನೆ ಪದಗಳು, ಅವುಗಳ ಕೆಳಗೆ ಹಳೆಯ ಸಿನೆಮಾ ಹಾಡುಗಳು. ಮತ್ತೊಮ್ಮೆ ಮುಚ್ಚಿ ತೆರೆದೆ. ಡಿ ತೆರೆದೆ, ದೇವರು ಇದ್ದಲ್ಲಿಯೇ ಇದ್ದ. ಪುನಃ ಇ ತೆರೆದೆ. ಎದ್ದು ನೀರು ಕುಡಿದು ಬಂದು ಇನ್ನೊಮ್ಮೆ ತೆರೆದೆ.

ನನ್ನ ಬೆನ್ನ ಹಿಂದೆ ಅವ್ವ ನಿಂತಿದ್ದಳು. “ಕಾಲ್ಮರಿ ಕ್ವಾಣ್ಯಾಗ ಭಜನಿ ಯಾರ ಹಾಕಿದ್ರ?” ಎಂದು ಆಕೆ ಮೊದಲು ಕೇಳಿದಳು. ನಾನು ಫೋನಿಗೆ ಕೈ ಹಾಕಿದಾಗ ಆಕೆಯ ದನಿ ಇಳಿಯಿತು. “ನನ್ನ ವೇಣಿ ಎಲ್ಲೈತಿ?”

ಭಾಯ್ ಅವರಿಗೆ ಫೋನ್ ಮಾಡಿದೆ. ವಿಷಯ ತಿಳಿದ ಕೂಡಲೇ ಅವರು ಹೇಳಿದ್ದು: “ಅಕ್ಕಾ, ಮೊದಲ ಅದನ್ನ ಬಂದ್ ಮಾಡ್ರಿ. ಏನೂ ಹಾಕಬ್ಯಾಡ್ರಿ, ಏನೂ ತಗೀಬ್ಯಾಡ್ರಿ. ನಾಳೆ ತಗೊಂಡ ಬರ್ರಿ.” ಫಾರ್ಮ್ಯಾಟ್ ಮಾಡಿದೊಡನೆ ಫೋಟೋಗಳು ನಾಶವಾಗುವುದಿಲ್ಲವೆಂದೂ, ಅವು ಎಲ್ಲಿವೆ ಎಂಬ ಗುರುತು ಮಾತ್ರ ಅಳಿಯುತ್ತದೆಂದೂ, ಅದೇ ಜಾಗದ ಮೇಲೆ ಬೇರೆ ಏನಾದರೂ ಬಂದು ಕೂತರೆ ಮಾತ್ರ ನಿಜವಾಗಿ ಹೋಗುತ್ತವೆಂದೂ ತಿಳಿಸಿದರು.

“ಹಂಗಾದ್ರ ಹಾಡ ಯಾಕ ಹಾಕೀರಿ ಭಾಯ್?”

“ಖಾಲಿ ಡಬ್ಬಿ ಹೊಳ್ಳಿ ಕೊಡಬಾರದ ಅಂತರಿ. ನಮ್ಮ ಅಮ್ಮೀ ಯಾರ ಡಬ್ಬಿ ಕೊಟ್ರೂ ಒಂದ ಚಿಟಿಕಿ ಸಕ್ಕರಿ ಹಾಕೇ ಕಳಸ್ತಾಳ. ನಾ ಯಾವ ಗಿರಾಕಿಗೂ ಡ್ರೈವ್ ಖಾಲಿ ಕೊಟ್ಟಿಲ್ಲ. ನಿಮಗಂತ ಹುಡುಕಿ ಭಜನಿ ಹಾಕಿದ್ನಿ.”

ಬೈಯಲು ಸಿದ್ಧಪಡಿಸಿಕೊಂಡಿದ್ದ ಮಾತುಗಳನ್ನು ನುಂಗಿಕೊಂಡೆ. ನಮ್ಮ ಮನೆಯಲ್ಲಿಯೂ ಅದೇ ಪದ್ಧತಿ ಇದೆ. ನೆರೆಯವರ ಪಾತ್ರೆಯನ್ನು ಅವ್ವ ಎಂದೂ ಬರಿದಾಗಿ ಕಳುಹಿಸಿದವಳಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಕೆಳಗಿಟ್ಟರೆ ಅಲುಗುತ್ತದೆ ಎಂಬ ಭಯ. ತೊಡೆಯ ಮೇಲಿದ್ದರೂ ಪ್ರತಿ ಗುಂಡಿಗೆ ಜೀವ ಹಾರುತ್ತಿತ್ತು. ಹಾಡುಗಳು ಒಳಗೆ ಎಲ್ಲೆಲ್ಲಿ ಕುಳಿತಿರಬಹುದು, ಅವ್ವನ ಫೋಟೋ ಯಾವ ಮೂಲೆಯಲ್ಲಿ ಇರಬಹುದು ಎಂದು ಯೋಚಿಸುತ್ತಿದ್ದೆ.

“ಟೀವಿ ಏನಬೇ ಅದ?” ಎಂದು ಕಂಡಕ್ಟರ್ ಕೇಳಿದ.

“ಕಂಪ್ಯೂಟರ್‌ರಿ.”

“ಕೆಟ್ಟೈತೇನ?”

“ಇಲ್ಲರಿ. ಭಾಳ ಚಲೋ ಮಾಡಿ ಕೊಟ್ಟಾರ.”

ಅವನು ಇನ್ನೇನನ್ನೂ ಕೇಳದೆ ಟಿಕೆಟ್ ಹರಿದುಕೊಟ್ಟ. ಕೃಷ್ಣೆಯ ಸೇತುವೆ ದಾಟುವಾಗ ಕಿಟಕಿಯಿಂದ ನೀರನ್ನು ನೋಡಬೇಕೆಂದೂ ಅನಿಸಲಿಲ್ಲ.

ಅಂಗಡಿಯಲ್ಲಿ ಭಾಯ್ ನಮ್ಮ ಹಾರ್ಡ್ ಡಿಸ್ಕನ್ನು ಬಿಚ್ಚಿ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಅಳಿದ ಫೈಲುಗಳನ್ನು ಹುಡುಕುವ ಪ್ರೋಗ್ರಾಂ ಒಂದನ್ನು ಆರಂಭಿಸಿದರು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಕಾಣಿಸಿತು. ಅದು ಎಡದಿಂದ ಬಲಕ್ಕೆ ತುಂಬಬೇಕು, ತುಂಬುವವರೆಗೆ ನಾವು ಮಾಡುವಂಥದ್ದು ಏನೂ ಇಲ್ಲ ಎಂದರು. ಪಟ್ಟಿ ತುಂಬುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ನಾನು ಪರದೆಯ ಗಾಜಿನ ಮೇಲೆ ಪಟ್ಟಿಯ ತುದಿಗೆ ಉಗುರು ಹಿಡಿದು ನೋಡಿದೆ.

“ಅಕ್ಕಾ, ಬೆರಳ ಹಚ್ಚಿದ್ರ ಅದು ಓಡೂದಿಲ್ಲರಿ,” ಎಂದರು ಭಾಯ್. “ಹೊರಗರೆ ಅಡ್ಡಾಡಿ ಬರ್ರಿ.”

ಸ್ಟೇಷನ್ನಿನವರೆಗೆ ಹೋದೆ. ಪ್ಲಾಟ್‌ಫಾರ್ಮಿನ ಮೇಲೆ ನಮ್ಮ ಓಣಿಯ ಪಾರ್ಸೆಲ್ಲುಗಳು ಗೋಣಿಚೀಲದಲ್ಲಿ ಹೊಲಿಸಿಕೊಂಡು ಗಾಡಿಗಾಗಿ ಕಾಯುತ್ತಿದ್ದವು. ಅಲ್ಲಿ ಕೂಡಲಾಗದೆ ಹಿಂದಿರುಗಿದೆ. ಪಟ್ಟಿ ಅರ್ಧ ದಾಟಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಅಂಗಡಿಯ ಮೂಲೆಯಲ್ಲಿದ್ದ ಬ್ಯಾಟರಿ ಕುಂಯ್ಗುಡಲು ಆರಂಭಿಸಿತು.

“ಇದು ಬಂದ್ ಬಿದ್ರ?” ಎಂದೆ.

“ಮತ್ತ ಮೊದಲಿಂದ.”

ಭಾಯ್ ಫ್ಯಾನ್ ಆರಿಸಿದರು. ಟ್ಯೂಬ್ ಲೈಟ್ ಆರಿಸಿದರು. ತಮ್ಮ ಫೋನಿನ ಚಾರ್ಜರನ್ನೂ ಕಿತ್ತರು. ಆಮೇಲೆ ಪಕ್ಕದ ಪಂಕ್ಚರ್ ಅಂಗಡಿಯವರನ್ನು ಕರೆದು, ಅವರ ಬಳಿ ಇದ್ದ ಇನ್ನೊಂದು ಬ್ಯಾಟರಿಯನ್ನು ತಂದು ಜೋಡಿಸಿದರು.

“ಏನ ನಡದೈತಿ ಇಷ್ಟ ಅರ್ಜಂಟ್?” ಎಂದು ಆ ಪಂಕ್ಚರಿನವರು ಕೇಳಿದರು.

“ಕಾಲ್ಮರಿ ಹುಡಕಾಕತ್ತೀವಿ,” ಎಂದರು ಭಾಯ್.

“ಮಸೂತಿ ಮುಂದ ಬಿಟ್ಟಿದ್ರೇನ?”

ಭಾಯ್ ನಕ್ಕರು. ನನಗೆ ನಗು ಬರಲಿಲ್ಲ. ಬೆವರು ಒರೆಸುತ್ತ ಪಟ್ಟಿಯನ್ನೇ ನೋಡುತ್ತಿದ್ದೆ. ಮಧ್ಯಾಹ್ನದ ನಮಾಜಿಗೆ ಹೋಗುವಾಗ ಭಾಯ್ ಮೌಸನ್ನು ನನ್ನ ಕೈಗೆ ನಿಲುಕದಷ್ಟು ದೂರ ಸರಿಸಿಟ್ಟು ಹೋದರು. ಅವರು ಬಂದಾಗಲೂ ನಾನು ಅಲ್ಲಿಯೇ, ಹಾಗೆಯೇ ಕುಳಿತಿದ್ದೆ.

ಪಟ್ಟಿ ತುಂಬಿದ ನಂತರ ಫೋಟೋಗಳು ಒಂದೊಂದಾಗಿ ಕಾಣಿಸಿಕೊಂಡವು. ಯಾವುದಕ್ಕೂ ನಾನಿಟ್ಟ ಹೆಸರು ಇರಲಿಲ್ಲ. ಎಲ್ಲಕ್ಕೂ ಅಂಕಿಗಳ ಹೆಸರು. ಬಹುತೇಕ ಮಾದರಿಗಳು ಪೂರ್ಣ ರೂಪದಲ್ಲಿ ಮರಳಿದ್ದವು. ಓಣಿಯ ಒಬ್ಬೊಬ್ಬ ಹೆಂಗಸಿನ ಕೈ ಗುರುತು ಹಿಡಿಯುತ್ತ ಮುಂದುವರಿದೆ. ಅವ್ವನದು ಕೊನೆಯಲ್ಲಿ ಬಂದಿತು. ಹೆಬ್ಬೆರಳಿನ ಉಂಗುರ, ಪಟ್ಟಿಯ ಆರಂಭ, ವೇಣಿಯ ಎಳೆಗಳು, ಎಲ್ಲವೂ ಸ್ವಚ್ಛವಾಗಿದ್ದವು. ಎಳೆಗಳು ಹಿಂದಕ್ಕೆ ಹೊರಳುವ ಜಾಗಕ್ಕೆ ಒಂದು ಬೆರಳಿನಷ್ಟು ಮೇಲೆಯೇ ಚಿತ್ರ ನಿಂತುಹೋಗಿತ್ತು. ಅದರ ಕೆಳಗೆ ಬೂದಿ ಬಣ್ಣ.

“ಮುಂದಿಂದ?” ಎಂದೆ.

“ಅದರ ಮ್ಯಾಲ ಹಾಡ ಕುಂತಾವ ಅಕ್ಕಾ,” ಎಂದರು ಭಾಯ್. ಅವರು ನನ್ನ ಮುಖ ನೋಡಲಿಲ್ಲ. ಸಿಕ್ಕ ಫೋಟೋಗಳನ್ನೆಲ್ಲ ಸಿಡಿಗೆ ಹಾಕಿ, ಆ ಅರ್ಧ ಫೋಟೋವನ್ನು ಕಾಗದದ ಮೇಲೆ ಬಣ್ಣದಲ್ಲಿ ತೆಗೆದು ಕೊಟ್ಟರು.

ಅವ್ವ ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಬೂದಿ ಬಣ್ಣದ ಮೇಲೆ ಬೆರಳಾಡಿಸಿದಳು. ಇನ್ನು ಮುಂದೆ ಎಲ್ಲವನ್ನೂ ಡಿ ಒಳಗೇ ಇಡುವುದು ಕ್ಷೇಮ ಎಂದು ನಾನು ಸೂಚಿಸಿದೆ. ಆಕೆ ಅದಕ್ಕೆ ಒಪ್ಪಲಿಲ್ಲ. “ಒಮ್ಮೆ ಕಳದೈತಂತ ಹೊರಗಿನ ಕಾಲ್ಮರಿ ಒಳಗ ತರೂದೇನ?” ಎಂದಳು. ಸಿಡಿಯನ್ನು ಕೆಲಸದ ಕಟ್ಟೆಯ ಮೇಲಿನ ಗೂಡಿನಲ್ಲಿ ಇಡಿಸಿದಳು.

ಭಾನುವಾರ ಬೆಳಿಗ್ಗೆ ಆಕೆ ಎಳೆ ಸೀಳಿಕೊಂಡು ಕುಳಿತಳು. ಕಾಗದದಲ್ಲಿ ಇದ್ದಷ್ಟನ್ನು ಸರಾಗವಾಗಿ ಹೆಣೆದಳು. ಬೂದಿ ಆರಂಭವಾಗುವ ಜಾಗಕ್ಕೆ ಬಂದು ಕೈ ನಿಂತಿತು. ಎಳೆಯನ್ನು ಹೊರಳಿಸಿದಳು. ಉಬ್ಬಿ ನಿಂತಿತು. ಬಿಚ್ಚಿದಳು. ಇನ್ನೊಂದು ಬದಿಯಿಂದ ಹೊರಳಿಸಿದಳು. ಗಂಟಿನಂತೆ ಕಂಡಿತು. ಪುನಃ ಬಿಚ್ಚಿದಳು. ನಾನು ಒಳಗೆ ಹೋಗುವುದು, ಹೊರಗೆ ಬರುವುದು ಮಾಡುತ್ತಿದ್ದೆ. ನನ್ನ ನೆರಳು ಕೈ ಮೇಲೆ ಬಿದ್ದಾಗಲೆಲ್ಲ ಆಕೆ “ಅತ್ತಾಗ ಸರಿ” ಎನ್ನುತ್ತಿದ್ದಳು.

ಎದುರು ಮನೆಯ ಕಾಕು ಬಾಗಿಲಲ್ಲಿ ನಿಂತು ನೋಡಿದಳು. “ನೀನ ಹಾಕಿದ್ದ ನಿನಗ ಬರವಲ್ದಬೇ?”

“ನಾ ಹಾಕಿದ್ನೋ, ಕೈ ಹಾಕಿತ್ತೋ,” ಎಂದಳು ಅವ್ವ. “ನನಗ ಕೇಳದ ಹಾಕಿತ್ತ.”

“ಸಾದಾ ವೇಣಿ ಹಾಕಿ ಕಳಸ. ಅವರಿಗೇನ ತಿಳೀತೈತಿ?”

“ನನಗ ತಿಳೀತೈತಲ್ಲ.”

ಸಂಜೆಯ ಹೊತ್ತಿಗೆ ಆಕೆ ಎಳೆಗಳನ್ನು ಬದಿಗೆ ಸರಿಸಿದಳು. “ಉಳದವರದ ಕಳಸಿಬಿಡು. ನಂದ ಬಿಡು,” ಎಂದಳು. ಆದರೆ ಕಟ್ಟೆಯಿಂದ ಏಳಲಿಲ್ಲ. ಶುಕ್ರವಾರದಿಂದ ಅಪ್ಪನ ಮುಂದೆ ಡಿ, ಇ ಎಂಬ ಅಕ್ಷರಗಳನ್ನು ಎತ್ತಿದರೆ ಎದ್ದು ಹೋಗುತ್ತಿದ್ದರು. ಅವರು ಒಳಗಿನಿಂದ ಒಂದು ಹೊಸ ತೊಗಲನ್ನು ತಂದು ಅವ್ವನ ಮುಂದೆ ಹಾಸಿದರು. ಮನೆಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅದು.

“ಇದರಾಗ ಸೀಳ. ಎಳಿ ಉದ್ದ ಬರ್ತಾವ. ಚಲೋ ಕುಂದರ್ತೈತಿ.”

ಅವ್ವ ತೊಗಲಿನ ಅಂಚನ್ನು ಹಿಡಿದು ನೋಡಿದಳು. “ಉದ್ದ,” ಎಂದಳು. ಬಿಚ್ಚಿಟ್ಟಿದ್ದ ಎಳೆಯನ್ನು ಕೈಗೆತ್ತಿಕೊಂಡು ಮತ್ತೆ ಹೇಳಿದಳು: “ಅವತ್ತ ಉದ್ದ ಇರಲಿಲ್ಲ. ನೀವು ಹರಕ ತೊಗಲ ತಂದಿದ್ರಿ. ಎಳಿ ಸಾಲಲಿಲ್ಲ.”

ಆಗ ನಮಗೆ ವಿಷಯ ತಿಳಿಯಿತು. ಆ ದಿನ ಎಳೆ ಪಟ್ಟಿಯ ನಡುವೆಯೇ ಮುಗಿದುಹೋಗಿತ್ತು. ಆಕೆ ಅದರ ತುದಿಯನ್ನು ಹಿಂದಕ್ಕೆ ಮಡಚಿ, ಅದರ ಹೊಟ್ಟೆಯೊಳಗಿನಿಂದ ಇನ್ನೊಂದು ಎಳೆಯನ್ನು ಹೊರಡಿಸಿ, ಜೋಡಣೆ ಕಾಣದಂತೆ ಮುಚ್ಚಿದ್ದಳು. ಆ ಹೊರಳು ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಬೆಳಗಿನಿಂದ ಆಕೆ ಸಾಕಷ್ಟು ಉದ್ದದ ಎಳೆಯಲ್ಲಿ ಸಾಲದ ಎಳೆಯ ದಾರಿಯನ್ನು ಹುಡುಕುತ್ತಿದ್ದಳು. ಆಕೆ ರಂಪಿಗೆ ತೆಗೆದುಕೊಂಡು ಹೊಸ ತೊಗಲಿನ ಎಳೆಗಳನ್ನು ನಡುವಿಗೇ ತುಂಡರಿಸಿದಳು. ಅಪ್ಪನ ಕೈ ತಡೆಯಲು ಮುಂದೆ ಬಂದು, ಅಲ್ಲಿಯೇ ನಿಂತಿತು.

ಸೋಮವಾರ ಮಧ್ಯಾಹ್ನ ಜೋಡಿ ಸಿದ್ಧವಾಯಿತು. ನೆರೆಮನೆಯವರ ಕ್ಯಾಮೆರಾ ಇರುವ ಮೊಬೈಲ್ ತಂದು ಫೋಟೋ ತೆಗೆದೆ. ಹಳೆಯದಕ್ಕೂ ಇದಕ್ಕೂ ವ್ಯತ್ಯಾಸವಿತ್ತು. ಹೊರಳು ಈ ಸಲ ತುಸು ಕೆಳಗೆ ಬಂದಿತ್ತು. ಅವ್ವ ಅದನ್ನು ನೋಡಿದಳು, ನಾನೂ ನೋಡಿದೆ. ಸೈಬರ್ ಕೆಫೆಗೆ ಓಡಿದೆ. ಎಲ್ಲ ಫೋಟೋಗಳನ್ನು ಲಗತ್ತಿಸಿ, “ತಮ್ಮ ಪರಿಶೀಲನೆಗಾಗಿ ಸಾದರಪಡಿಸಲಾಗಿದೆ” ಎಂದು ಬರೆದು, ಅವ್ವನ ಫೋಟೋದ ಕೆಳಗೆ ಮಾತ್ರ ವೇಣಿ ಹಾಕಿದವಳ ಹೆಸರನ್ನು ಸೇರಿಸಿದೆ. ಆಮೇಲೆ ಇದು ಪಕ್ಷಪಾತವಾಗುತ್ತದೆಂದು ಹೆದರಿ ಎಲ್ಲರ ಹೆಸರುಗಳನ್ನೂ ಸೇರಿಸಿದೆ. ಕಳುಹಿಸಿದೆ.

ಉತ್ತರ ಬರುವವರೆಗಿನ ದಿನಗಳು ಹೇಗೆ ಕಳೆದವೆಂದು ಸವಿಸ್ತಾರವಾಗಿ ಬರೆಯುವುದು ನನಗೆ ಸಾಧ್ಯವಿಲ್ಲ. ಅವ್ವ ನಿತ್ಯ ಕೇಳುತ್ತಿದ್ದಳು, “ನೋಡ್ಯಾರೇನ?” ನಾನ್ಯಾವಾಗಲೂ “ಇನ್ನೂ ಇಲ್ಲವ್ವ” ಎನ್ನುತ್ತಿದ್ದೆ. ಉತ್ತರ ಬಂದ ದಿನ ಅದನ್ನು ಕಾಗದದ ಮೇಲೆ ತೆಗೆಸಿಕೊಂಡು ಬಂದು ಕಟ್ಟೆಯ ಮುಂದೆ ನಿಂತು ಓದಿದೆ. ಅವರು ಆರಿಸಿದ ಮಾದರಿಗಳಲ್ಲಿ ಅವ್ವನ ವೇಣಿಯೂ ಇತ್ತು. ಅದರ ಎದುರಿಗೆ ಆಕೆಯ ಹೆಸರನ್ನೂ ಅವರು ಮರಳಿ ಬರೆದಿದ್ದರು. ಎಷ್ಟು ಜೋಡಿ ಬೇಕೆಂಬುದನ್ನು ಹೇಳಿದೆ. ಅವ್ವ ತಲೆ ಎತ್ತಲಿಲ್ಲ.

“ಇಷ್ಟ ಜೋಡಿಗಿ ಸಾಲದಂಥ ತೊಗಲ ಎಲ್ಲಿಂದ ತರೂದು?” ಎಂದು ಅಪ್ಪನನ್ನು ಕೇಳಿದಳು.

“ಚಲೋದ ತರ್ತೀನಿ,” ಎಂದರು ಅಪ್ಪ. “ನೀನ ಕಡಿಮಿ ಮಾಡ್ಕೋ.”

ಮರುದಿನದಿಂದಲೇ ಕೆಲಸ ಆರಂಭವಾಯಿತು. ಅಪ್ಪ ಒಳ್ಳೆಯ ತೊಗಲನ್ನು ಹಾಸಿ ಉದ್ದನೆಯ ಎಳೆಗಳನ್ನು ಸೀಳಿ ಕೊಡುತ್ತಿದ್ದರು. ಅವ್ವ ಅವುಗಳನ್ನು ಸೇರಿಸಿ ಹಿಡಿದು, ರಂಪಿಗೆಯನ್ನು ನಡುವಿಗೆ ತರುತ್ತಿದ್ದಳು. ಆಗೆಲ್ಲ ಅಪ್ಪ ರಸ್ತೆಯ ಕಡೆಗೆ ಮುಖ ತಿರುಗಿಸುತ್ತಿದ್ದರು.